ಸೊನ್ನೆಗಿಂತ ಕಡಿಮೆ ಎಂದರೇನು?

ನಿಮ್ಮ ಗಣಿತ ಪುಸ್ತಕದ ಯಾವುದಾದರೂ ಒಂದು ಪುಟವನ್ನು ತೆರೆದು ನೋಡಿ. +, −, ×, ÷, =, √ ಎಂಬ ಚಿಹ್ನೆಗಳು ಅಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಇವೆಲ್ಲ ಗಣಿತದಷ್ಟೇ ಹಳೆಯವು ಎಂದು ಅನ್ನಿಸುವುದು ಸಹಜ. ಆದರೆ ಯೂಕ್ಲಿಡ್ ಆಗಲಿ, ನಮ್ಮ ಆರ್ಯಭಟನಾಗಲಿ ಇವುಗಳಲ್ಲಿ ಒಂದನ್ನೂ ಬಳಸಿದವರಲ್ಲ. + ಮತ್ತು − ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1489ರಲ್ಲಿ, ಅಂದರೆ ಕೃಷ್ಣದೇವರಾಯ ಪಟ್ಟಕ್ಕೆ ಬರುವುದಕ್ಕೆ ಕೇವಲ ಇಪ್ಪತ್ತು ವರ್ಷ ಮೊದಲು. ವರ್ಗಮೂಲದ ಚಿಹ್ನೆ 1525ರದು, ಸಮ ಚಿಹ್ನೆ 1557ರದು, ಗುಣಾಕಾರದ × 1631ರ ಒಂದು ಪುಸ್ತಕದಿಂದ ಹರಡಿದ್ದು, ಭಾಗಾಕಾರದ ÷ 1659ರದು. ಅದಕ್ಕೂ ಮೊದಲಿನವರು ಲೆಕ್ಕವನ್ನು ಬಹುಮಟ್ಟಿಗೆ ಮಾತಿನಲ್ಲೇ ಬರೆಯುತ್ತಿದ್ದರು. ನಮ್ಮವರಂತೂ ಶ್ಲೋಕದಲ್ಲಿ ಬರೆದರು.

ಇಷ್ಟೆಲ್ಲದರ ಕಥೆ ಒಂದೇ ಲೇಖನಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಒಂದೇ ಚಿಹ್ನೆಯ ಬೆನ್ನು ಹತ್ತೋಣ. ಅದು ಆ ಚಿಕ್ಕ ಅಡ್ಡಗೆರೆ, ಮೈನಸ್. ಅದನ್ನೇ ಆರಿಸಿಕೊಳ್ಳಲು ಕಾರಣವಿದೆ. ಸ್ಟುಡಿಯೋದಲ್ಲಿ ಹುಡುಗ ಹುಡುಗಿಯರೊಡನೆ ಗಣಿತದ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಮೆಲ್ಲನೆ ಕೇಳುತ್ತಾರೆ: ‘ಸಾರ್, ಏನೂ ಇಲ್ಲದ್ದಕ್ಕಿಂತ ಕಡಿಮೆ ಇರುವುದು ಹೇಗೆ?’ ಉಳಿದವರು ನಗುತ್ತಾರೆ. ನಗಬೇಕಾದ ಪ್ರಶ್ನೆ ಅದಲ್ಲ. ಸಾವಿರ ವರ್ಷಗಳಿಗೂ ಹೆಚ್ಚು ಕಾಲ ದೊಡ್ಡ ದೊಡ್ಡ ಪಂಡಿತರ ನಿದ್ದೆ ಕೆಡಿಸಿದ ಪ್ರಶ್ನೆ ಅದು.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಇದಕ್ಕೆ ನೇರವಾದ ಉತ್ತರ ಕೊಟ್ಟ. ಅವನು ಸಂಖ್ಯೆಗಳನ್ನು ಧನ, ಋಣ, ಶೂನ್ಯ ಎಂದು ಮೂರಾಗಿ ವಿಂಗಡಿಸಿದ. ಧನವೆಂದರೆ ಕೈಯಲ್ಲಿರುವ ಹಣ, ಋಣವೆಂದರೆ ಸಾಲ. ಇಂದಿಗೂ ನಿಮ್ಮ ಕನ್ನಡ ಪಠ್ಯದಲ್ಲಿ ‘ಋಣ ಸಂಖ್ಯೆ’ ಎಂದೇ ಇದೆ, ಗಮನಿಸಿದ್ದೀರಾ? ಜೇಬು ಬರಿದಾಗಿದ್ದು ಅಂಗಡಿಯಲ್ಲಿ ಹತ್ತು ರೂಪಾಯಿ ಬಾಕಿ ಇದ್ದರೆ, ಅವನು ಏನೂ ಇಲ್ಲದವನಿಗಿಂತ ಬಡವ. ಇದರಲ್ಲಿ ವಿಚಿತ್ರವೇನಿದೆ?

ಋಣವನ್ನು ಋಣದಿಂದ ಗುಣಿಸಿದರೆ ಧನ ಎಂಬ ನಿಯಮವೂ ಅಲ್ಲಿದೆ. ‘ಮೈನಸ್ ಇಂಟು ಮೈನಸ್ ಪ್ಲಸ್’ ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಏಕೆ ಎಂದು ಒಮ್ಮೆ ನೋಡಿಬಿಡೋಣ. 4 − 4 ಎಂದರೆ ಸೊನ್ನೆ ತಾನೇ? ಹಾಗಾದರೆ −3 ಅನ್ನು (4 − 4) ಇಂದ ಗುಣಿಸಿದರೂ ಸೊನ್ನೆಯೇ ಬರಬೇಕು. ಅದನ್ನು ಬಿಡಿಸಿ ಬರೆದರೆ ಮೊದಲ ತುಂಡು −3 × 4, ಅಂದರೆ −12. ಒಟ್ಟು ಸೊನ್ನೆಯಾಗಬೇಕಾದರೆ ಎರಡನೆಯ ತುಂಡು −3 × −4 ಎಂಬುದು +12 ಆಗದೆ ಬೇರೆ ದಾರಿಯೇ ಇಲ್ಲ. ವ್ಯವಹಾರದ ಮಾತಿನಲ್ಲಿ ಹೇಳುವುದಾದರೆ, ತಲಾ ಮೂರು ರೂಪಾಯಿಯ ನಾಲ್ಕು ಸಾಲಗಳನ್ನು ಯಾರೋ ಮನ್ನಾ ಮಾಡಿದರೆ ನೀವು ಹನ್ನೆರಡು ರೂಪಾಯಿಯಷ್ಟು ಮೇಲೆ ಬಂದಿರಿ.

ಬ್ರಹ್ಮಗುಪ್ತನಾದ ಮೇಲೆ ಕಥೆ ನಮ್ಮ ನಾಡಿಗೇ ಬರುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ವಿದ್ವಾಂಸ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ ಎಂಬ ಗ್ರಂಥವನ್ನು ರಚಿಸಿದ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರನು ಒಂದು ಹೆಜ್ಜೆ ಮುಂದೆ ಹೋಗಿ ಯೋಚಿಸಿದ. ಧನದ ವರ್ಗವೂ ಧನ, ಋಣದ ವರ್ಗವೂ ಧನ. ಹಾಗಿದ್ದ ಮೇಲೆ ಋಣ ಸಂಖ್ಯೆ ಯಾವುದರ ವರ್ಗವೂ ಆಗಲಾರದು. ಸ್ವಭಾವತಃ ಅದಕ್ಕೆ ವರ್ಗಮೂಲವಿಲ್ಲ. ಇಷ್ಟು ಸ್ಪಷ್ಟವಾಗಿ ಈ ಮಾತನ್ನು ಹೇಳಿದವರಲ್ಲಿ ಅವನು ಬಹಳ ಮುಂಚಿನವನು. (ಅವನು ಎಲ್ಲೂ ಎಡವಲಿಲ್ಲವೆಂದಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಎಂದಿದ್ದಾನೆ. ಅದನ್ನು ನಿಮ್ಮ ಪರೀಕ್ಷೆಯಲ್ಲಿ ಬರೆಯಬೇಡಿ.) ವರ್ಗಮೂಲದ ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಿಯಮ ಗೊತ್ತಿದ್ದೂ ಮನಸ್ಸು ಒಪ್ಪದಿರುವುದುಂಟು. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯನ ‘ಬೀಜಗಣಿತ’ದಲ್ಲಿ ಒಂದು ಮಂಗಗಳ ಲೆಕ್ಕವಿದೆ. ಮಂಗಗಳ ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಅದರ ವರ್ಗದಷ್ಟು ಮಂಗಗಳು ಗವಿಗೆ ಹೋದವು; ಉಳಿದ ಒಂದು ಮರದ ಮೇಲೆ ಕಂಡಿತು. ಹಿಂಡಿನಲ್ಲಿ ಎಷ್ಟಿದ್ದವು? ಬಿಡಿಸಿ ನೋಡಿ, ಎರಡು ಉತ್ತರ ಬರುತ್ತವೆ: 50 ಮತ್ತು 5. ಐವತ್ತಾದರೆ ಐದನೆಯ ಭಾಗ 10, ಮೂರು ಕಳೆದರೆ 7, ಅದರ ವರ್ಗ 49, ಮರದ ಮೇಲಿನ ಒಂದು ಸೇರಿ 50. ಸರಿ. ಐದಾದರೆ ಐದನೆಯ ಭಾಗ 1, ಮೂರು ಕಳೆದರೆ −2, ಅದರ ವರ್ಗ 4, ಒಂದು ಸೇರಿ 5. ಇದೂ ಸರಿಯೇ! ಆದರೆ ಭಾಸ್ಕರನು ಎರಡನೆಯ ಉತ್ತರವನ್ನು ಬಿಟ್ಟುಬಿಡುತ್ತಾನೆ. ಒಂದು ಮಂಗದಲ್ಲಿ ಮೂರು ಮಂಗ ಕಳೆಯುವುದನ್ನು ಜನ ಒಪ್ಪುವುದಿಲ್ಲ ಎಂಬುದು ಅವನ ಕಾರಣ. ನನಗೆ ಇದು ಬಹಳ ಪ್ರಾಮಾಣಿಕವಾದ ಮಾತು ಎನ್ನಿಸುತ್ತದೆ. ಸಾಲ ಋಣವಾಗಬಹುದು, ಮಂಗ ಋಣವಾಗುವುದು ಹೇಗೆ?

ಇನ್ನು ಚಿಹ್ನೆಗೆ ಬರೋಣ. ಭಾಸ್ಕರನ ಪದ್ಧತಿಯಲ್ಲಿ ಋಣ ಸಂಖ್ಯೆಯ ನೆತ್ತಿಯ ಮೇಲೆ ಒಂದು ಚುಕ್ಕೆ ಇಡುತ್ತಿದ್ದರು. 1881ರಲ್ಲಿ ಪೇಶಾವರದ ಬಳಿಯ ಬಕ್ಷಾಲಿ ಎಂಬಲ್ಲಿ ರೈತನೊಬ್ಬನಿಗೆ ಸಿಕ್ಕ ಭೂರ್ಜಪತ್ರದ ಹಸ್ತಪ್ರತಿಯಲ್ಲಿ ಇನ್ನೂ ಮೋಜಿನ ಸಂಗತಿಯಿದೆ. ಅಲ್ಲಿ ಋಣ ಸಂಖ್ಯೆಯ ಮುಂದೆ ಹಾಕಿರುವ ಗುರುತು + ಆಕಾರದ್ದು! ಚಿಹ್ನೆಯ ಆಕಾರದಲ್ಲಿ ಯಾವ ಪಾವಿತ್ರ್ಯವೂ ಇಲ್ಲ, ಜನ ಒಪ್ಪಿ ಬಳಸಿದ್ದೇ ಅದರ ಅರ್ಥ.

ನಾವು ಬಳಸುವ − ಬಂದದ್ದು ಜರ್ಮನಿಯ ವ್ಯಾಪಾರದ ಲೆಕ್ಕದಿಂದ. ಲೈಪ್ಜಿಗ್ ನಗರದಲ್ಲಿ ಯೊಹಾನ್ನೆಸ್ ವಿಡ್ಮನ್ 1489ರಲ್ಲಿ ವರ್ತಕರಿಗಾಗಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಅಂಜೂರ ತುಂಬಿದ ಪೀಪಾಯಿಗಳ ಲೆಕ್ಕವಿದೆ. ನಿಗದಿಯಾದ ತೂಕಕ್ಕಿಂತ ಹೆಚ್ಚಿದ್ದರೆ +, ಕಡಿಮೆ ಬಿದ್ದರೆ −. ನಮ್ಮಲ್ಲಿ ಸಾಲ, ಅಲ್ಲಿ ಕಡಿಮೆ ತೂಕ. ಎರಡೂ ಕಡೆ ಈ ಸಂಖ್ಯೆಗೆ ದಾರಿ ತೋರಿದ್ದು ಪೇಟೆಯ ವ್ಯವಹಾರವೇ.

ಸಮ ಚಿಹ್ನೆಯನ್ನು ತಂದ ರಾಬರ್ಟ್ ರೆಕಾರ್ಡ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ವೇಲ್ಸ್ ದೇಶದ ಈ ವೈದ್ಯ, ‘ಇದು ಅದಕ್ಕೆ ಸಮ’ ಎಂದು ಮತ್ತೆ ಮತ್ತೆ ಬರೆದು ಬೇಸತ್ತು, ಎರಡು ಸಮಾನಾಂತರ ಗೆರೆಗಳಿಗಿಂತ ಹೆಚ್ಚು ಸಮವಾದದ್ದು ಇನ್ನೇನಿದೆ ಎಂದುಕೊಂಡು = ಎಂದು ಎಳೆದ. ಮರುವರ್ಷ, 1558ರಲ್ಲಿ, ಅವನು ಲಂಡನ್ನಿನ ಸೆರೆಮನೆಯಲ್ಲಿ ತೀರಿಕೊಂಡ. ಮಾನನಷ್ಟ ಮೊಕದ್ದಮೆಯಲ್ಲಿ ವಿಧಿಸಿದ ಹಣವನ್ನು ಕಟ್ಟಲಾಗಿರಲಿಲ್ಲ.

ಚಿಹ್ನೆ ಬಂದ ಮಾತ್ರಕ್ಕೆ ಯುರೋಪಿನಲ್ಲಿ ಋಣ ಸಂಖ್ಯೆಗೆ ಪೌರತ್ವ ಸಿಕ್ಕಲಿಲ್ಲ. ಡೇಕಾರ್ಟ್ 1637ರಲ್ಲೂ ಸಮೀಕರಣದ ಋಣ ಉತ್ತರಗಳನ್ನು ‘ಸುಳ್ಳು’ ಎಂದೇ ಕರೆದ. 1758ರಲ್ಲಿ ಫ್ರಾನ್ಸಿಸ್ ಮ್ಯಾಸೆರೆಸ್ ಎಂಬ ಇಂಗ್ಲಿಷ್ ವಕೀಲ, ದೊಡ್ಡದರಿಂದ ಚಿಕ್ಕದನ್ನು ಕಳೆಯುವುದಕ್ಕಲ್ಲದೆ − ಚಿಹ್ನೆಗೆ ಬೇರೆ ಅರ್ಥವೇ ಇಲ್ಲವೆಂದು ಒಂದು ಪುಸ್ತಕವನ್ನೇ ಬರೆದ. ನ್ಯೂಟನ್ ಸತ್ತು ಮೂವತ್ತು ವರ್ಷಗಳಾದ ಮೇಲೆ! ಸ್ಟುಡಿಯೋದಲ್ಲಿ ನಗೆಗೀಡಾಗುವ ಹುಡುಗನ ಜೊತೆಗೆ ಎಂಥವರಿದ್ದಾರೆ ನೋಡಿ.

ಅಷ್ಟರಲ್ಲಿ ಇನ್ನೂ ದೊಡ್ಡ ತೊಡಕೊಂದು ತಲೆಯೆತ್ತಿತ್ತು. 1545ರಲ್ಲಿ ಇಟಲಿಯ ಕಾರ್ಡಾನೊ ಒಂದು ಪ್ರಶ್ನೆ ಹಾಕಿದ: ಗುಣಲಬ್ಧ 40 ಬರುವಂತೆ 10ನ್ನು ಎರಡು ಪಾಲು ಮಾಡಿ. ಉತ್ತರ 5 + √−15 ಮತ್ತು 5 − √−15. ಮಹಾವೀರ ಇಲ್ಲವೆಂದಿದ್ದ ಆ ವರ್ಗಮೂಲವೇ ಎದುರಿಗೆ ನಿಂತಿತು! ಗುಣಿಸಿದರೆ 25 + 15, ಸರಿಯಾಗಿ 40. ಕಾರ್ಡಾನೊ ಇದನ್ನು ನಿರುಪಯೋಗಿ ಜಾಣತನವೆಂದು ಪಕ್ಕಕ್ಕಿಟ್ಟ. ಜೌಗು ನೆಲ ಒಣಗಿಸುವ ಎಂಜಿನಿಯರ್ ಆಗಿದ್ದ ಬೊಂಬೆಲಿ ಮಾತ್ರ ಅದನ್ನು ಬಿಡಲಿಲ್ಲ. ಒಂದು ಸಂಖ್ಯೆಯ ಘನವು ಅದರ ಹದಿನೈದರಷ್ಟಕ್ಕೆ 4 ಸೇರಿಸಿದ್ದಕ್ಕೆ ಸಮ ಎಂದರೆ ಆ ಸಂಖ್ಯೆ 4 ಎಂದು ಯಾರಾದರೂ ತಾಳೆ ನೋಡಬಹುದು: 64 = 60 + 4. ಆದರೆ ಕಾರ್ಡಾನೊನ ಸೂತ್ರದಿಂದ ಹೋದರೆ ನಡುವೆ √−121 ಬರುತ್ತದೆ. ಬೊಂಬೆಲಿ ಅದಕ್ಕೆ ಹೆದರದೆ, ಸಾಮಾನ್ಯ ಸಂಖ್ಯೆಯಂತೆಯೇ ಕೂಡಿ ಗುಣಿಸಿದ. 1572ರಲ್ಲಿ ಪ್ರಕಟವಾದ ಅವನ ಪುಸ್ತಕದಲ್ಲಿ ಆ ವಿಚಿತ್ರ ಭಾಗಗಳು ಒಂದನ್ನೊಂದು ಹೊಡೆದುಹಾಕಿ ಕೊನೆಗೆ 4 ಉಳಿಯುತ್ತದೆ. ‘ಇಲ್ಲದ’ ಸಂಖ್ಯೆಯ ಸೇತುವೆ ದಾಟಿ ‘ಇರುವ’ ಉತ್ತರ ಮುಟ್ಟಿದ್ದ.

ಇಂಥವಕ್ಕೆ ‘ಕಾಲ್ಪನಿಕ’ ಎಂಬ ಹೆಸರಿಟ್ಟವನು ಡೇಕಾರ್ಟ್. ಹೊಗಳಿ ಇಟ್ಟ ಹೆಸರಲ್ಲ. ಆಯ್ಲರ್ 1777ರಲ್ಲಿ √−1ಕ್ಕೆ ‘ಐ’ ಎಂಬ ಅಕ್ಷರ ಕೊಟ್ಟ. ಆದರೂ ಅದು ಏನು ಎಂಬ ಪ್ರಶ್ನೆ ಉಳಿದೇ ಇತ್ತು. ಉತ್ತರ ಬಂದದ್ದು ಡೆನ್ಮಾರ್ಕಿನಲ್ಲಿ ಭೂಮಾಪಕನಾಗಿದ್ದ ನಾರ್ವೆಯ ಕ್ಯಾಸ್ಪರ್ ವೆಸೆಲ್‌ನಿಂದ, 1797ರಲ್ಲಿ. ಸಂಖ್ಯಾರೇಖೆಯ ಮೇಲೆ 5ನ್ನು −1ರಿಂದ ಗುಣಿಸಿ. ಅದು ಸೊನ್ನೆಯ ಸುತ್ತ ಅರ್ಧ ಸುತ್ತು ತಿರುಗಿ −5ಕ್ಕೆ ಹೋಗಿ ನಿಲ್ಲುತ್ತದೆ. ಎರಡು ಸಲ ಮಾಡಿದರೆ ಅರ್ಧ ಸುತ್ತಾಗುವ ಕೆಲಸ ಯಾವುದು? ಕಾಲು ಸುತ್ತು. ಅದೇ √−1. ಮಹಾವೀರ ಹೇಳಿದ್ದು ತಪ್ಪಲ್ಲ, ಆ ಗೆರೆಯ ಮೇಲೆ ಋಣದ ವರ್ಗಮೂಲ ನಿಜಕ್ಕೂ ಇಲ್ಲ. ಅದು ಇರುವುದು ಗೆರೆಯಿಂದ ಮೇಲಕ್ಕೆ, ಲಂಬವಾಗಿ. ಗೆರೆಯ ಸಂಖ್ಯೆಗಳು ವಾಸ್ತವ ಸಂಖ್ಯೆಗಳು. ಇಡೀ ಹಾಳೆಯನ್ನು ತುಂಬುವವು ಸಂಮಿಶ್ರ ಸಂಖ್ಯೆಗಳು.

ಹಿಂದಕ್ಕೂ ಮುಂದಕ್ಕೂ ತೂಗಾಡುವ ಎ.ಸಿ. ವಿದ್ಯುತ್ತಿನ ಲೆಕ್ಕಕ್ಕೆ ಈ ಕಾಲು ಸುತ್ತು ಹೇಳಿ ಮಾಡಿಸಿದಂತಿದೆ ಎಂದು 1893ರಲ್ಲಿ ತೋರಿಸಿಕೊಟ್ಟವನು ಎಂಜಿನಿಯರ್ ಸ್ಟೈನ್‌ಮೆಟ್ಸ್. 1982ರಲ್ಲಿ ದೂರದರ್ಶನ ಬಣ್ಣದ ಪ್ರಸಾರ ಆರಂಭಿಸಿದಾಗ ಬಳಸಿದ ಪಾಲ್ ಪದ್ಧತಿಯಲ್ಲಿ ಬಣ್ಣದ ಎರಡು ಸಂಕೇತಗಳು ಒಂದೇ ವಾಹಕ ಅಲೆಯ ಮೇಲೆ, ಒಂದಕ್ಕೊಂದು ಕಾಲು ಸುತ್ತು ಹಿಂದೆ ಮುಂದೆ, ಬೆರಕೆಯಾಗದೆ ಮನೆಮನೆಗೆ ಬರುತ್ತಿದ್ದವು. ಒಂದನ್ನು ವಾಸ್ತವ ಭಾಗ, ಇನ್ನೊಂದನ್ನು ಕಾಲ್ಪನಿಕ ಭಾಗ ಎಂದು ಬರೆದುಕೊಂಡರೆ ಲೆಕ್ಕ ಸಲೀಸು. ನೀವು ಮುಂದೆ ಎಲೆಕ್ಟ್ರಾನಿಕ್ಸ್ ಓದಲು ಹೋದರೆ ಒಂದು ಎಚ್ಚರಿಕೆ: ಅಲ್ಲಿ √−1ಕ್ಕೆ ‘ಐ’ ಎಂದು ಬರೆಯುವುದಿಲ್ಲ, ‘ಜೆ’ ಎಂದು ಬರೆಯುತ್ತಾರೆ. ‘ಐ’ಯನ್ನು ಅಷ್ಟರಲ್ಲಾಗಲೇ ವಿದ್ಯುತ್ ಪ್ರವಾಹಕ್ಕೆ ಕೊಟ್ಟುಬಿಟ್ಟಿದ್ದರು.