ಹೊರಗಿನವರು ಕಟ್ಟಿದ ಊರ ತಂಡ: ಬರೋಡಾ ಕ್ರಿಕೆಟ್ಟಿನ ಕಥೆ

1939–40ರ ರಣಜಿ ಋತುವಿನಲ್ಲಿ ಬರೋಡಾ ತಂಡ ಪುಣೆಗೆ ಹೋಗಿ ಚೆನ್ನಾಗಿ ಪೆಟ್ಟು ತಿಂದು ಬಂತು. ಸಾಂಗ್ಲಿಯ ತರುಣನೊಬ್ಬ ಮಹಾರಾಷ್ಟ್ರದ ಪರ ಔಟಾಗದೆ 316 ರನ್ ಗಳಿಸಿ ಬರೋಡಾದ ಬೌಲರುಗಳನ್ನು ಸುಸ್ತು ಮಾಡಿದ್ದ. ಹೆಸರು ವಿಜಯ್ ಹಜಾರೆ. ಇಂಥ ಸೋಲಿಗೆ ಬೇರೆ ಊರಿನವರು ಬೌಲರುಗಳನ್ನು ಬದಲಾಯಿಸುತ್ತಿದ್ದರೇನೋ. ಬರೋಡಾ ಸಂಸ್ಥಾನ ಹಜಾರೆಯನ್ನೇ ಕರೆಸಿಕೊಂಡಿತು. ಮಹಾರಾಜ ಪ್ರತಾಪಸಿಂಹರಾವ್ ಗಾಯಕವಾಡರು ಅವರಿಗೆ ತಮ್ಮ ಸೇನೆಯಲ್ಲಿ ಹುದ್ದೆ ಕೊಟ್ಟು, ತಮ್ಮ ಆಪ್ತ ಸೇನಾಧಿಕಾರಿಯಾಗಿ (ಎಡಿಸಿ) ನೇಮಿಸಿ, ಊರಲ್ಲೇ ನೆಲೆ ನಿಲ್ಲಿಸಿದರು. ಆಮೇಲೆ ಹಜಾರೆ ಈ ಊರು ಬಿಡಲಿಲ್ಲ. 2004ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಇಲ್ಲೇ, ಬರೋಡಾ ಈಗ ವಡೋದರಾ ಆಗಿರುವ ಈ ಊರಲ್ಲೇ.

ಈ ಊರಿನ ಕನ್ನಡಿಗರ ಸ್ಮರಣ ಸಂಚಿಕೆಯಲ್ಲಿ ಬರೋಡಾ ಕ್ರಿಕೆಟ್ಟಿನ ಬಗ್ಗೆಯೂ ಒಂದು ಲೇಖನ ಇರಲಿ ಎಂದು ಸಮಿತಿ ಕೇಳಿದ್ದು ಸುಮ್ಮನೆ ಅಲ್ಲ. ಕೋಯಲಿಯ ರಿಫೈನರಿ, ಐಪಿಸಿಎಲ್, ಒಎನ್‌ಜಿಸಿ, ರೈಲ್ವೆ, ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯ ಎಂದು ನೌಕರಿ ಹಿಡಿದು ಬಂದ ಕನ್ನಡ ಕುಟುಂಬಗಳಂತೆಯೇ ಇಲ್ಲಿನ ಕ್ರಿಕೆಟ್ ತಂಡವೂ ಬಹುಪಾಲು ಹೊರಗಿನಿಂದ ಬಂದವರಿಂದಲೇ ಬೆಳೆದದ್ದು. ಲಾಹೋರಿನಿಂದ ಗುಲ್ ಮಹಮ್ಮದ್ ಮತ್ತು ಅಮೀರ್ ಇಲಾಹಿ ಬಂದರು. ಸಿ.ಕೆ. ನಾಯ್ಡು ಅವರ ತಮ್ಮ ಸಿ.ಎಸ್. ನಾಯ್ಡು ಕೆಲವು ವರ್ಷ ಇಲ್ಲಿ ಆಡಿ ಮುಂದೆ ಹೋಲ್ಕರ್ ತಂಡ ಸೇರಿದರು. ಪುಣೆಯ ಹೇಮು ಅಧಿಕಾರಿ ಇಲ್ಲಿ ಆಡಿ ಹೆಸರು ಮಾಡಿ ಸರ್ವಿಸಸ್‌ಗೆ ಹೋದರು. ಸಂಸ್ಥಾನದ ಕಾಲದಲ್ಲಿ ಆಟಗಾರನಿಗೆ ಸಂಬಳ, ಮನೆ, ಮರ್ಯಾದೆ ಮೂರನ್ನೂ ಅರಮನೆ ನೋಡಿಕೊಳ್ಳುತ್ತಿತ್ತು. ಇಂದೋರಿನ ಹೋಲ್ಕರರದೂ ಇದೇ ಪದ್ಧತಿ. ಹಾಗಾಗಿ 1940ರ ದಶಕದ ರಣಜಿ ಟ್ರೋಫಿಯನ್ನು ಎರಡು ಮರಾಠಾ ಅರಮನೆಗಳ ನಡುವಿನ ಪೈಪೋಟಿ ಎಂದರೂ ನಡೆಯುತ್ತದೆ.

ಮೊದಲ ಕಪ್ ಬಂದದ್ದು 1942–43ರಲ್ಲಿ. ಸಿಕಂದರಾಬಾದಿನ ಫೈನಲ್‌ನಲ್ಲಿ ಹೈದರಾಬಾದ್ ತಂಡ 307 ರನ್‌ಗಳಿಂದ ಸೋತಿತು. ಕನ್ನಡಿಗರಿಗೆ ಇಲ್ಲೊಂದು ಹೋಲಿಕೆ ಸಿಗುತ್ತದೆ. ಅದರ ಹಿಂದಿನ ಋತುವಿನಲ್ಲಷ್ಟೇ ಮೈಸೂರು ತಂಡ ಫೈನಲ್ ತಲುಪಿ ಬಾಂಬೆಗೆ ಸೋತಿತ್ತು. ನಮ್ಮ ಕಡೆಗೆ ಕಪ್ ಬರಲು 1973–74ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ತಂಡದ ಹೆಸರು ಕರ್ನಾಟಕ ಎಂದಾಗಿತ್ತು, ಬರೋಡಾ ನಾಲ್ಕು ಬಾರಿ ಗೆದ್ದು ಮುಗಿಸಿತ್ತು.

ಆ ನಾಲ್ಕರಲ್ಲಿ ವಿಸ್ತಾರವಾಗಿ ಹೇಳಬೇಕಾದ್ದು 1946–47ರ ಋತು. ಫೈನಲ್ ಬರೋಡಾದಲ್ಲೇ ನಡೆಯಿತು, 1947ರ ಮಾರ್ಚಿನಲ್ಲಿ. ಎದುರಾಳಿ ಹೋಲ್ಕರ್, ನಾಯಕ ಐವತ್ತು ದಾಟಿದ ಸಿ.ಕೆ. ನಾಯ್ಡು. ಹೋಲ್ಕರ್ ಮೊದಲ ಇನಿಂಗ್ಸ್‌ನಲ್ಲಿ 202ಕ್ಕೆ ಮುಗಿಯಿತು. ಅದರಲ್ಲಿ ಆರು ವಿಕೆಟ್ ಹಜಾರೆಯದೇ. ಅವರ ಮಧ್ಯಮ ವೇಗದ ಬೌಲಿಂಗ್ ಬ್ಯಾಟಿಂಗಿನ ನೆರಳಲ್ಲಿ ಮರೆತುಹೋಗಿದೆ. ಉತ್ತರ ಕೊಡಲು ಇಳಿದ ಬರೋಡಾ 91ಕ್ಕೆ ಮೂರು ವಿಕೆಟ್ ಕಳೆದುಕೊಂಡಿತು. ಹಜಾರೆ ಮತ್ತು ಗುಲ್ ಮಹಮ್ಮದ್ ಜೊತೆಯಾದದ್ದು ಆಗ.

ಇಬ್ಬರಿಗೂ ಅಜಗಜಾಂತರ. ಹಜಾರೆ ಬ್ಯಾಟನ್ನು ಎರಡು ಪ್ಯಾಡುಗಳ ನಡುವೆ ಇಟ್ಟು, ಹಿಡಿಯ ಮೇಲೆ ಕೈಗಳನ್ನು ದೂರ ದೂರ ಹಿಡಿದು ನಿಲ್ಲುತ್ತಿದ್ದರು. ಯಾವ ಕೋಚೂ ಮೆಚ್ಚದ ನಿಲುವು ಅದು. ಬಲಗೈ ಬ್ಯಾಟು, ಮಾತು ಕಡಿಮೆ, ಆತುರ ಇನ್ನೂ ಕಡಿಮೆ. ಗುಲ್ ಮಹಮ್ಮದ್ ಎಡಗೈಯವರು. ಐದೂವರೆ ಅಡಿಗೂ ಕುಳ್ಳಗಿನ ಚುರುಕು ದೇಹ, ದೇಶದ ಅತ್ಯುತ್ತಮ ಫೀಲ್ಡರುಗಳಲ್ಲಿ ಒಬ್ಬರು, ಚೆಂಡು ಕಂಡರೆ ಹೊಡೆಯುವ ಆಸೆ. ಬೌಲರ್ ಒಮ್ಮೆ ಬಲಗೈಯವನಿಗೆ, ಒಮ್ಮೆ ಎಡಗೈಯವನಿಗೆ ಲೈನ್ ಬದಲಿಸಬೇಕು. ಫೀಲ್ಡರುಗಳು ಒಂದೊಂದು ರನ್ನಿಗೂ ಆಚೆಯಿಂದ ಈಚೆಗೆ ನಡೆಯಬೇಕು. ಹೀಗೆ ಸುಮಾರು ಒಂಬತ್ತು ಗಂಟೆ ಕಾಲ ನಡೆಯಿತು. ಜೊತೆಯಾಟ ಮುರಿದಾಗ ತಂಡದ ಮೊತ್ತ 668. ನಾಲ್ಕನೇ ವಿಕೆಟ್ಟಿಗೆ 577 ರನ್! ಅದಕ್ಕೆ ಒಂದು ವರ್ಷ ಮುಂಚೆಯಷ್ಟೇ ವೆಸ್ಟ್ ಇಂಡೀಸಿನಲ್ಲಿ ವಾಲ್ಕಾಟ್ ಮತ್ತು ವೊರೆಲ್ ಮುರಿಯದ 574 ರನ್ ಸೇರಿಸಿದ್ದರು. ಬರೋಡಾದ ಜೋಡಿ ಮೂರು ರನ್ ಮುಂದೆ ಹೋಯಿತು.

ಗುಲ್ 319, ಹಜಾರೆ 288, ಬರೋಡಾ 784. ಹೋಲ್ಕರ್ ಎರಡನೇ ಸಲ 173ಕ್ಕೆ ಔಟಾಗಿ, ಇನಿಂಗ್ಸ್ ಮತ್ತು 409 ರನ್‌ಗಳಿಂದ ಸೋತಿತು. ಪ್ರಥಮ ದರ್ಜೆ ಕ್ರಿಕೆಟ್ಟಿನಲ್ಲಿ ಯಾವುದೇ ವಿಕೆಟ್ಟಿನ ಅತಿ ದೊಡ್ಡ ಜೊತೆಯಾಟ ಎಂಬ ಪಟ್ಟ ಈ 577ಕ್ಕೆ 59 ವರ್ಷ ಇತ್ತು. 2006ರಲ್ಲಿ ಕೊಲಂಬೊದಲ್ಲಿ ಸಂಗಕ್ಕರ ಮತ್ತು ಜಯವರ್ಧನೆ 624 ಸೇರಿಸಿದ ಮೇಲೆ ಅದು ಕೈಬಿಟ್ಟಿತು. ನಾಲ್ಕನೇ ವಿಕೆಟ್ಟಿನ ದಾಖಲೆ ಮಾತ್ರ ಇನ್ನೂ ಬರೋಡಾದ್ದೇ.

ಆ ಪಂದ್ಯ ಮುಗಿದ ಐದು ತಿಂಗಳಿಗೆ ದೇಶ ಎರಡಾಯಿತು. ಗುಲ್ ಮಹಮ್ಮದ್, ಅಮೀರ್ ಇಲಾಹಿ, ಹಜಾರೆ ಮೂವರೂ 1947–48ರಲ್ಲಿ ಒಂದೇ ತಂಡದಲ್ಲಿ ಆಸ್ಟ್ರೇಲಿಯಕ್ಕೆ ಹೋದರು. ಅಡಿಲೇಡ್ ಟೆಸ್ಟಿನ ಎರಡೂ ಇನಿಂಗ್ಸ್‌ಗಳಲ್ಲಿ ಹಜಾರೆ 116 ಮತ್ತು 145 ಹೊಡೆದದ್ದು ಆ ಪ್ರವಾಸದಲ್ಲಿ. 1952–53ರಲ್ಲಿ ಪಾಕಿಸ್ತಾನ ಮೊದಲ ಬಾರಿ ಭಾರತಕ್ಕೆ ಟೆಸ್ಟ್ ಆಡಲು ಬಂದಾಗ ಇಲಾಹಿ ಆ ಕಡೆ, ಗುಲ್ ಈ ಕಡೆ. ಗುಲ್ ಕೂಡ ಮುಂದೆ ಪಾಕಿಸ್ತಾನಕ್ಕೆ ಹೋಗಿ ಆ ದೇಶದ ಪರ ಒಂದು ಟೆಸ್ಟ್ ಆಡಿದರು. ಎರಡೂ ದೇಶಗಳಿಗೆ ಟೆಸ್ಟ್ ಆಡಿದವರು ಮೂವರೇ. ಅವರಲ್ಲಿ ಇಬ್ಬರು ಬರೋಡಾ ಟೋಪಿ ತೊಟ್ಟವರು ಎಂಬುದನ್ನು ಊರಿನ ಹೊಸ ಪೀಳಿಗೆಗೆ ಹೇಳಬೇಕು.

1949–50ರಲ್ಲಿ ಮತ್ತೆ ಫೈನಲ್, ಮತ್ತೆ ಹೋಲ್ಕರ್, ಮತ್ತೆ ಗೆಲುವು. ಈ ಸಲ ನಾಲ್ಕು ವಿಕೆಟ್‌ಗಳಿಂದ. ಅಷ್ಟರಲ್ಲಿ ಸಂಸ್ಥಾನ ಹೋಗಿ ಊರು ಬಾಂಬೆ ಪ್ರಾಂತ್ಯಕ್ಕೆ ಸೇರಿತ್ತು. ಅರಮನೆಯ ಸಂಬಳದ ಕಾಲ ಮುಗಿದರೂ ತಂಡ ಉಳಿಯಿತು. ಮುಂದೆ ಗುಜರಾತ್ ರಾಜ್ಯ ಆದಾಗಲೂ ಅದು ಬೇರೆ ತಂಡದಲ್ಲಿ ಕರಗಲಿಲ್ಲ. ಇವತ್ತಿಗೂ ಆ ಒಂದು ರಾಜ್ಯದಿಂದ ಬರೋಡಾ, ಗುಜರಾತ್, ಸೌರಾಷ್ಟ್ರ ಎಂದು ಮೂರು ತಂಡಗಳು ರಣಜಿ ಆಡುತ್ತವೆ.

1957–58ರ ಗೆಲುವಿಗೆ ನಾಯಕ ದತ್ತಾ ಗಾಯಕವಾಡ್. ಫೈನಲ್‌ನಲ್ಲಿ ಸರ್ವಿಸಸ್ ವಿರುದ್ಧ ಇನಿಂಗ್ಸ್ ಗೆಲುವು. ನಲವತ್ತು ದಾಟಿದ ಹಜಾರೆಯಿಂದ 203 ರನ್. ಮರುವರ್ಷ ಇಂಗ್ಲೆಂಡಿಗೆ ಹೋದ ಭಾರತ ತಂಡದ ನಾಯಕ ದತ್ತಾ, ಮ್ಯಾನೇಜರ್ ಮಹಾರಾಜ ಫತೇಸಿಂಹರಾವ್ ಗಾಯಕವಾಡ್. ಇಬ್ಬರೂ ಈ ಊರಿನವರೇ. ಭಾರತ ಐದೂ ಟೆಸ್ಟ್ ಸೋತಿತು. ಅದನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಫತೇಸಿಂಹರಾವ್ 1963ರಿಂದ 1966ರವರೆಗೆ ಭಾರತೀಯ ಕ್ರಿಕೆಟ್ ಮಂಡಳಿಯ ಅಧ್ಯಕ್ಷರಾಗಿದ್ದರು. ದತ್ತಾ ಸಾಹೇಬರು ಲಕ್ಷ್ಮೀವಿಲಾಸ ಅರಮನೆಯ ಆವರಣದ ಮೋತಿಬಾಗ್ ಮೈದಾನದಲ್ಲಿ ಹುಡುಗರಿಗೆ ಆಟ ಹೇಳಿಕೊಡುತ್ತಾ ಮುಪ್ಪಾದರು. 2024ರ ಫೆಬ್ರುವರಿಯಲ್ಲಿ 95ನೇ ವಯಸ್ಸಿನಲ್ಲಿ ತೀರಿಕೊಂಡಾಗ ಅವರೇ ಭಾರತದ ಅತಿ ಹಿರಿಯ ಟೆಸ್ಟ್ ಆಟಗಾರ. ಅದೇ ವರ್ಷ ಜುಲೈನಲ್ಲಿ ಮಗ ಅಂಶುಮಾನ್ ಗಾಯಕವಾಡ್ ಕೂಡ ಹೋದರು. 1983ರಲ್ಲಿ ಜಲಂಧರಿನಲ್ಲಿ ಪಾಕಿಸ್ತಾನದ ಎದುರು ಹನ್ನೊಂದು ಗಂಟೆಗೂ ಮಿಕ್ಕಿ ನಿಂತು 201 ರನ್ ಮಾಡಿದವರು ಅವರು.

1958ರ ನಂತರದ ನಾಲ್ಕು ದಶಕಗಳನ್ನು ಬೇಗ ದಾಟಬಹುದು. ಕಪ್ ಬರಲಿಲ್ಲ. ವಿಕೆಟ್ ಕೀಪರುಗಳು ಮಾತ್ರ ಬಂದರು: ಕಿರಣ್ ಮೋರೆ, ಅವರ ಹಿಂದೆಯೇ ನಯನ್ ಮೊಂಗಿಯಾ.

ಐದನೇ ಕಪ್ಪಿನ ಹೊತ್ತಿಗೆ ಹೊಸ ಶತಮಾನ. 2000–01ರ ತಂಡದ ನಾಯಕ ಜೇಕಬ್ ಮಾರ್ಟಿನ್. ಬ್ಯಾಟಿಂಗಿನಲ್ಲಿ ಕಾನರ್ ವಿಲಿಯಮ್ಸ್. ಬೌಲಿಂಗಿಗೆ ಮತ್ತೆ ಹೊರಗಿನಿಂದ ಬಂದವನೇ ಒದಗಿದ. ಅಹಮದ್‌ನಗರ ಜಿಲ್ಲೆಯ ಶ್ರೀರಾಂಪುರದ ಜಹೀರ್ ಖಾನ್ ಮುಂಬಯಿಗೆ ಹೋಗಿ, ಚೆನ್ನೈನ ಎಂಆರ್‌ಎಫ್ ಅಕಾಡೆಮಿಯಲ್ಲಿ ಪಳಗಿ, ಪ್ರಥಮ ದರ್ಜೆ ಕ್ರಿಕೆಟ್ ಆಡಲು ಬಂದದ್ದು ಬರೋಡಾಕ್ಕೆ. ವಡೋದರಾದಲ್ಲೇ ನಡೆದ ಫೈನಲ್‌ನಲ್ಲಿ ರೈಲ್ವೇಸ್ ಗುರಿಯ ಹತ್ತಿರ ಹತ್ತಿರ ಬಂದಾಗ ಜಹೀರ್ 43 ರನ್ನಿಗೆ ಐದು ವಿಕೆಟ್ ಕಿತ್ತರು. ಗೆಲುವಿನ ಅಂತರ 21 ರನ್. ನಲವತ್ತಮೂರು ವರ್ಷಗಳ ಬರಗಾಲ ಆ 21 ರನ್ನಿನಲ್ಲಿ ಮುಗಿಯಿತು. ಮರುವರ್ಷ ಅದೇ ರೈಲ್ವೇಸ್ ಫೈನಲ್‌ನಲ್ಲಿ ಸೇಡು ತೀರಿಸಿಕೊಂಡದ್ದು ಬೇರೆ ಮಾತು. ಇನ್ನೊಂದು ಫೈನಲ್ 2011ರ ಜನವರಿಯಲ್ಲಿ, ಮನೆಯಂಗಳದಲ್ಲೇ. ರಣಜಿಯ ಕೆಳಗಿನ ಹಂತವಾದ ಪ್ಲೇಟ್ ಗುಂಪಿನಿಂದ ಮೇಲೆದ್ದು ಬಂದ ರಾಜಸ್ಥಾನ ಮೊದಲ ಇನಿಂಗ್ಸ್ ಮುನ್ನಡೆಯ ಮೇಲೆ ಕಪ್ ಒಯ್ದಿತು. ಪ್ಲೇಟ್‌ನಿಂದ ಬಂದು ಕಪ್ ಗೆದ್ದ ಮೊದಲ ತಂಡ ಅದು.

ಮಾಂಡ್ವಿಯ ಮಸೀದಿಯ ಆವರಣದಲ್ಲಿ ಬೆಳೆದ ಇರ್ಫಾನ್ ಮತ್ತು ಯೂಸುಫ್ ಪಠಾಣ್, ಕಿರಣ್ ಮೋರೆಯವರ ಅಕಾಡೆಮಿಯಲ್ಲಿ ಪಳಗಿದ ಹಾರ್ದಿಕ್ ಮತ್ತು ಕೃಣಾಲ್ ಪಾಂಡ್ಯ ಯಾರಿಗೂ ಹೊಸಬರಲ್ಲ. ಬರೋಡಾ ಕ್ರಿಕೆಟ್ ಸಂಘದ ಆಡಳಿತದಲ್ಲಿ ಗುಂಪುಗಳು, ಚುನಾವಣೆಯ ಬಿಸಿ, ಆಗಾಗ ಹಿರಿಯ ಕಿರಿಯ ಆಟಗಾರರ ನಡುವೆ ಮನಸ್ತಾಪ, ಇವೆಲ್ಲ ಇದ್ದದ್ದೇ. ಯಾವ ಸಂಘದಲ್ಲಿ ಇಲ್ಲ? ಪತ್ರಿಕೆಗಳು ಅದನ್ನೆಲ್ಲ ಬರೆದಿವೆ. ಹಬ್ಬದ ಸಂಚಿಕೆಯಲ್ಲಿ ಮತ್ತೆ ಬರೆಯುವುದು ಬೇಡ. ಆ ಗದ್ದಲದ ನಡುವೆಯೇ ಕೋಟಂಬಿಯಲ್ಲಿ ಸಂಘದ ಸ್ವಂತ ಕ್ರೀಡಾಂಗಣ ಎದ್ದಿತು. 2024ರ ಡಿಸೆಂಬರಿನಲ್ಲಿ ಅಲ್ಲಿ ಭಾರತ ಮತ್ತು ವೆಸ್ಟ್ ಇಂಡೀಸ್ ಮಹಿಳೆಯರ ಏಕದಿನ ಪಂದ್ಯಗಳು ನಡೆದವು. ಅದೇ ತಿಂಗಳು ಇಂದೋರಿನಲ್ಲಿ, ಹೋಲ್ಕರರ ಊರಿನಲ್ಲಿ, ಸೈಯದ್ ಮುಷ್ತಾಕ್ ಅಲಿ ಟ್ರೋಫಿಯಲ್ಲಿ ಬರೋಡಾ ಸಿಕ್ಕಿಂ ವಿರುದ್ಧ 20 ಓವರಿನಲ್ಲಿ 349 ಹೊಡೆದು ವಿಶ್ವದಾಖಲೆ ಮಾಡಿತು. ಭಾನು ಪಾನಿಯಾ 51 ಎಸೆತಗಳಲ್ಲಿ ಔಟಾಗದೆ 134. ತಂಡದ ಸಿಕ್ಸರುಗಳು 37. ಮುಷ್ತಾಕ್ ಅಲಿ ಹೋಲ್ಕರ್ ತಂಡದ ಮನುಷ್ಯ ಎಂಬುದನ್ನು ನೆನೆದರೆ ಹಳಬರು ನಗುತ್ತಾರೆ.

ಇಲ್ಲಿಂದ ಮುಂದೆ ಬರಹ ಕರ್ನಾಟಕದ ಕಡೆಗೆ ಸ್ವಲ್ಪ ವಾಲುತ್ತದೆ, ಓದುಗರು ಸಹಿಸಬೇಕು. 2025ರ ಜನವರಿಯಲ್ಲಿ ಏಕದಿನ ಪಂದ್ಯಗಳ ವಿಜಯ್ ಹಜಾರೆ ಟ್ರೋಫಿಯ ಕೊನೆಯ ಸುತ್ತುಗಳು ಹಜಾರೆಯ ಊರಿಗೇ ಬಂದವು. ಕ್ವಾರ್ಟರ್ ಫೈನಲ್‌ನಲ್ಲಿ ಬರೋಡಾ ಎದುರು ಕರ್ನಾಟಕ. ಊರಿನ ಕನ್ನಡಿಗರಿಗೆ ಧರ್ಮಸಂಕಟ: ಅನ್ನ ಕೊಟ್ಟ ಊರೋ, ಹುಟ್ಟಿದ ನಾಡೋ? ದೇವದತ್ತ ಪಡಿಕ್ಕಲ್ 102 ಹೊಡೆದರು, ಬರೋಡಾದ ಶಾಶ್ವತ್ ರಾವತ್ 104ರಿಂದ ಉತ್ತರ ಕೊಟ್ಟರು, ಕರ್ನಾಟಕ ಐದೇ ರನ್ನಿನಿಂದ ಉಳಿಯಿತು. ಅಂದು ಯಾರು ಯಾರಿಗೆ ಚಪ್ಪಾಳೆ ತಟ್ಟಿದರು ಎಂದು ಕನ್ನಡ ಸಂಘದ ಸದಸ್ಯರು ಪರಸ್ಪರ ಕೇಳದಿರುವುದೇ ಕ್ಷೇಮ.

ಫೈನಲ್ ಜನವರಿ 18ರಂದು, ಕೋಟಂಬಿಯಲ್ಲಿ, ವಿದರ್ಭದ ಎದುರು. ಅಂದು ಯಾವ ಸಂಕಟವೂ ಇರಲಿಲ್ಲ. ಕೆಂಪು ಹಳದಿ ಬಾವುಟ ಹಿಡಿದು ಹೋದವರಲ್ಲಿ ಈ ಲೇಖಕನೂ ಒಬ್ಬ. ಎಡಗೈ ಹುಡುಗ ಆರ್. ಸ್ಮರಣ್ 92 ಎಸೆತಗಳಲ್ಲಿ 101, ಕೆ.ಎಲ್. ಶ್ರೀಜಿತ್ 78, ಅಭಿನವ್ ಮನೋಹರ್ 42 ಎಸೆತಗಳಲ್ಲಿ 79. ಕರ್ನಾಟಕ 6 ವಿಕೆಟ್ಟಿಗೆ 348. ವಿದರ್ಭದ ನಾಯಕ ಕರುಣ್ ನಾಯರ್. ಕರ್ನಾಟಕದಲ್ಲಿ ಬೆಳೆದು, ಭಾರತಕ್ಕೆ ತ್ರಿಶತಕ ಹೊಡೆದು, ರಾಜ್ಯ ತಂಡದಲ್ಲಿ ಜಾಗ ತಪ್ಪಿದ ಮೇಲೆ ವಿದರ್ಭಕ್ಕೆ ಹೋದವರು. ಫೈನಲ್‌ಗೆ ಮುಂಚೆ ಆ ಟೂರ್ನಿಯಲ್ಲಿ 752 ರನ್ ಗಳಿಸಿ, ಒಂದೇ ಒಂದು ಸಲ ಔಟಾಗಿದ್ದರು. ಅವರನ್ನು 27ಕ್ಕೆ ಬೌಲ್ಡ್ ಮಾಡಿದ್ದು ಹಳೆಯ ಜೊತೆಗಾರ ಪ್ರಸಿದ್ಧ್ ಕೃಷ್ಣ. ಧ್ರುವ್ ಶೋರೆಯ 110, ಹರ್ಷ್ ದುಬೆಯ 63 ಸೇರಿಯೂ ವಿದರ್ಭ 312ಕ್ಕೆ ನಿಂತಿತು. ಮಯಾಂಕ್ ಅಗರ್ವಾಲ್ ಎತ್ತಿದ್ದು ಕರ್ನಾಟಕದ ಐದನೇ ವಿಜಯ್ ಹಜಾರೆ ಟ್ರೋಫಿ. ಮುಂದಿನ ತಿಂಗಳು ಅದೇ ಮೈದಾನದಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಮೊದಲ ಪಂದ್ಯದಲ್ಲಿ ಬೆಂಗಳೂರು ತಂಡ 202ರ ಗುರಿಯನ್ನು ಬೆನ್ನಟ್ಟಿ ಗೆದ್ದದ್ದನ್ನೂ ಸೇರಿಸಿಕೊಂಡರೆ, ಕನ್ನಡಿಗರ ಪಾಲಿಗೆ ಕೋಟಂಬಿ ಬಹಳ ಬೇಗ ಒಲಿದ ಮೈದಾನ.

ಸಮಿತಿ ಮುಂದಿನ ಸಂಚಿಕೆ ತರುವಾಗ ಮಹಿಳಾ ಕ್ರಿಕೆಟ್ಟಿಗೆ ಬೇರೆ ಲೇಖನವನ್ನೇ ಮೀಸಲಿಡಬೇಕು. ಈ ಊರಿನವರೇ ಆದ ಯಾಸ್ತಿಕಾ ಭಾಟಿಯಾ ಇದ್ದಾರೆ. ಮುಂಬಯಿಯ ಕಾಂದಿವಲಿಯಿಂದ ಬಂದು ಬರೋಡಾ ಸೇರಿದ ರಾಧಾ ಯಾದವ್ 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ಆಡಿದರು. ಹಜಾರೆ, ಗುಲ್, ಜಹೀರ್ ಸಾಲಿಗೆ ಆ ಹೆಸರನ್ನು ಈಗಲೇ ಸೇರಿಸಿಡಬಹುದು.