ಕಲ್ಲಿನ ಕದವೂ ನನ್ನ ಜೇಬಿನ ಕೀಲಿಕೈಯೂ

ಹೊಸಪೇಟೆಯಿಂದ ಮಕ್ಕಳನ್ನು ಹಂಪಿಗೆ ಕರೆದೊಯ್ದಾಗಲೆಲ್ಲ ಮಹಾನವಮಿ ದಿಬ್ಬದ ಸಮೀಪದ ಕಲ್ಲಿನ ಕದಗಳ ಮುಂದೆ ತಪ್ಪದೆ ನಿಲ್ಲುತ್ತಿದ್ದೆ. ಮರದ ಬಾಗಿಲಿನ ಚೌಕಟ್ಟು, ಪಟ್ಟಿ, ಮೊಳೆಯ ತಲೆಗಳನ್ನೆಲ್ಲ ಶಿಲ್ಪಿಗಳು ಕಲ್ಲಿನಲ್ಲಿಯೇ ಕಡೆದಿದ್ದಾರೆ. "ಮರವಿರುವಾಗ ಕಲ್ಲೇಕೆ ಸಾರ್?" ಎಂದು ಹುಡುಗನೊಬ್ಬ ಕೇಳಿದ್ದ. "ಆನೆ ಗುದ್ದಿದರೂ ಮುರಿಯದಿರಲಿ, ಬೆಂಕಿಯಿಟ್ಟರೂ ಸುಡದಿರಲಿ ಎಂದಿರಬಹುದಪ್ಪಾ" ಎಂದಿದ್ದೆ.

ಆ ನೆಲದಲ್ಲಿ ಬೆಂಕಿಯ ಮಾತು ಬರಿಯ ಊಹೆಯಲ್ಲ. 1565ರ ಜನವರಿ 23ರ ರಕ್ಕಸತಂಗಡಿ ಕದನದ ತರುವಾಯ ರಾಜಧಾನಿ ಸೂರೆಯಾಯಿತು, ಉರಿಯಿತು. ಅರಮನೆಗಳ ಜಗಲಿ ಕಲ್ಲಿನದು; ಕಂಬ, ಛಾವಣಿ ಮರದ್ದು. ಮರವೆಲ್ಲ ಅಳಿದು, ಇಂದು ಕಾಣುವುದು ಜಗಲಿಗಳಷ್ಟೇ.

ಕೋಟೆಯ ಕದಕ್ಕೆ ಒಂದೇ ಧರ್ಮ: ಹೊರಗಿನವರನ್ನು ತಡೆಯುವುದು. ನಮ್ಮ ಕಾಲದ ಅಗ್ನಿನಿರೋಧಕ ಬಾಗಿಲಿಗಾದರೋ ಎರಡು ಧರ್ಮ: ಬೆಂಕಿಯನ್ನು ತಡೆಯಬೇಕು, ಮನುಷ್ಯರನ್ನು ಬಿಡಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೆಯ ಭಾಗ ಇದನ್ನೇ ವಿಧಿಸುತ್ತದೆ. ಮೆಟ್ಟಿಲ ಬಳಿಯ ಇಂಥ ಬಾಗಿಲು 120 ನಿಮಿಷ ಉರಿಯನ್ನು ತಾಳಬೇಕು, ತಾನಾಗಿಯೇ ಮುಚ್ಚಿಕೊಳ್ಳಬೇಕು, ಒಳಗಿನವರು ಕೀಲಿಕೈಯಿಲ್ಲದೆ ತೆರೆಯುವಂತಿರಬೇಕು. ತಾನಾಗಿ ಮುಚ್ಚಬೇಕೇಕೆಂದರೆ, ಜನರನ್ನು ಉರಿಗಿಂತ ಮೊದಲು ಕೊಲ್ಲುವುದು ಹೊಗೆ. ಗಾಳಿ ಬರಲೆಂದು ಆ ಬಾಗಿಲಿಗೆ ಇಟ್ಟಿಗೆ ಒತ್ತರಿಸಿದರೆ ಮೆಟ್ಟಿಲ ದಾರಿಯೇ ಹೊಗೆಗೂಡಾಗುತ್ತದೆ.

2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು 9 ಜನ ತೀರಿಕೊಂಡರು. ತುರ್ತು ದಾರಿಯ ಬಾಗಿಲುಗಳಿಗೆ ಬೀಗ ಹಾಕಿತ್ತೆಂದು ಪತ್ರಿಕೆಗಳಲ್ಲಿ ಓದಿದ ದಿನ ನನಗೆ ಅನ್ನ ರುಚಿಸಲಿಲ್ಲ. ಕಾರಣವನ್ನು ಹೇಳಿಬಿಡುತ್ತೇನೆ.

ಪರೀಕ್ಷೆಯ ದಿನಗಳಲ್ಲಿ, ನಕಲು ಚೀಟಿ ಒಳಬಾರದಿರಲೆಂದು, ಕೊಠಡಿಯ ಹಿಂಬಾಗಿಲಿಗೆ ಬೀಗ ಜಡಿದು ಕೀಲಿಕೈಯನ್ನು ಜೇಬಿಗಿಳಿಸುತ್ತಿದ್ದವನು ನಾನೇ. ಅದನ್ನು ಶಿಸ್ತೆಂದು ನಂಬಿದ್ದೆ. ಒಳಗಿದ್ದ ಮಕ್ಕಳ ಪ್ರಾಣವೂ ಅದೇ ಜೇಬಿನಲ್ಲಿತ್ತೆಂದು ಒಮ್ಮೆಯೂ ಹೊಳೆಯಲಿಲ್ಲ. ಏನೂ ಆಗಲಿಲ್ಲವೆಂಬುದು ದೈವಕೃಪೆ, ನನ್ನ ಜಾಣತನವಲ್ಲ.

ಈಚೆಗೆ ಕಂಪ್ಲಿಯಲ್ಲೊಂದು ಮದುವೆಗೆ ಹೋಗಿದ್ದೆ. ಕಲ್ಯಾಣಮಂಟಪದ ಪಕ್ಕದ ಬಾಗಿಲಿಗೆ ಬೀಗ. ಅದಕ್ಕೆ ಒರಗಿಸಿ ಕುರ್ಚಿಗಳ ರಾಶಿ. "ಚಪ್ಪಲಿ ಕಳುವಾಗ್ತಾವ್ರಿ ಮೇಷ್ಟ್ರೇ" ಎಂದ ಕಾವಲಿನವನು. ಅವನ ಮಾತಿನಲ್ಲಿ ನನ್ನದೇ ಹಳೆಯ ಧ್ವನಿ ಕೇಳಿಸಿತು. ಅವನು ಗೊಣಗುತ್ತಲೇ ಬೀಗ ತೆಗೆದು, ಕುರ್ಚಿಗಳನ್ನು ಸರಿಸುವವರೆಗೂ ನಾನು ಊಟದ ಪಂಕ್ತಿಗೆ ಹೋಗಲಿಲ್ಲ.