ಹಡಗು ಹತ್ತಿಸುವವರು

ಮಗನೋ ಮಗಳೋ ಕೆನಡಕ್ಕೆ, ಆಸ್ಟ್ರೇಲಿಯಕ್ಕೆ ಹೊರಟು ನಿಂತ ಮನೆಗಳಲ್ಲಿ ರಾತ್ರಿಯ ಊಟವಾದ ಮೇಲೆ ಒಂದು ಚರ್ಚೆ ಏಳುತ್ತದೆ: ಏಜೆಂಟನನ್ನು ಹಿಡಿಯುವುದೋ, ಅರ್ಜಿಯನ್ನು ನಾವೇ ತುಂಬಿ ಕಳಿಸುವುದೋ? ದುಡ್ಡು ಹೋದರೆ ಹೋಗಲಿ, ಕೆಲಸ ಕೆಡಬಾರದು ಎನ್ನುವವರು ಒಬ್ಬರು. ಏಜೆಂಟನಿಗೆ ಲಕ್ಷಗಟ್ಟಲೆ ಸುರಿದು ಕೈಸುಟ್ಟುಕೊಂಡ ಯಾರದೋ ಕತೆ ತೆಗೆಯುವವರು ಇನ್ನೊಬ್ಬರು. ಹಳೆಯ ವರದಿಗಳನ್ನು ಓದುವ ಚಟ ಹತ್ತಿದ ನನಗೆ ಈ ಮಾತು ಕಿವಿಗೆ ಬಿದ್ದಾಗಲೆಲ್ಲ ನೆನಪಾಗುವುದು ಏಜೆಂಟನೆಂಬ ಈ ಮನುಷ್ಯನ ವಂಶಾವಳಿ. ಆತನದು ಹತ್ತಿರ ಹತ್ತಿರ ಇನ್ನೂರು ವರ್ಷಗಳ ಮನೆತನ. ಅಷ್ಟು ಕಾಲವೂ ಸರಕಾರದ ಕಾಯಿದೆಗಳು ಅವನ ಬೆನ್ನಟ್ಟಿಕೊಂಡೇ ಬಂದಿವೆ.

ಕತೆ ಮೊದಲಾಗುವುದು ಕಬ್ಬಿನ ಗದ್ದೆಯಲ್ಲಿ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿಯನ್ನು ತೊಡೆದುಹಾಕಿದ ಕಾಯಿದೆ ೧೮೩೪ರ ಆಗಸ್ಟ್ ೧ರಂದು ಜಾರಿಗೆ ಬಂತು. ಬಿಡುಗಡೆಯಾದವರು ಹಳೆಯ ಒಡೆಯನ ತೋಟದಲ್ಲಿ ಮತ್ತೆ ದುಡಿದಾರೆಂಬ ಭರವಸೆ ತೋಟದ ದೊರೆಗಳಿಗಿರಲಿಲ್ಲ. ಅದೇ ವರ್ಷ ನವೆಂಬರ್ ೨ರಂದು ‘ಅಟ್ಲಾಸ್’ ಎಂಬ ಹಡಗು ಭಾರತದ ಕರಾರು ಕೂಲಿಗಳನ್ನು ಮಾರಿಷಸ್ಸಿನಲ್ಲಿ ಇಳಿಸಿತು. ಅದನ್ನು ಕಂಡು, ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಗ್ಲ್ಯಾಡ್‌ಸ್ಟನ್ನನ ತಂದೆ ಜಾನ್ ಗ್ಲ್ಯಾಡ್‌ಸ್ಟನ್ ೧೮೩೬ರಲ್ಲಿ ಕಲ್ಕತ್ತೆಯ ಕಂಪೆನಿಯೊಂದಕ್ಕೆ ಪತ್ರ ಬರೆದು ತನಗೂ ಅಂಥ ಆಳುಗಳು ಬೇಕೆಂದ. ೧೮೩೮ರ ಮೇ ತಿಂಗಳಲ್ಲಿ ಎರಡು ಹಡಗುಗಳು ಆಳುಗಳನ್ನು ಹೊತ್ತು ಬ್ರಿಟಿಷ್ ಗಯಾನ ಮುಟ್ಟಿದವು.

ಲಿವರ್‌ಪೂಲಿನ ವರ್ತಕನಿಗೆ ಬಿಹಾರದ ಹಳ್ಳಿ ಗೊತ್ತಿಲ್ಲ. ಕಲ್ಕತ್ತೆಯ ಕಂಪೆನಿಗೂ ಗೊತ್ತಿಲ್ಲ. ಹಳ್ಳಿಗನಿಗೆ ಗಯಾನ ಯಾವ ದಿಕ್ಕಿನಲ್ಲಿದೆ ಎಂಬುದೂ ತಿಳಿಯದು. ಈ ಎರಡು ಅಜ್ಞಾನಗಳ ನಡುವೆ ಹುಟ್ಟಿಕೊಂಡವನೇ ಆರ್ಕಾಟಿ. ವ್ಯವಸ್ಥೆ ಬೆಳೆದ ಮೇಲೆ ಅದೊಂದು ಏಣಿಯಂತಾಯಿತು. ಮೇಲುಮೆಟ್ಟಿಲಲ್ಲಿ ವಸಾಹತಿನ ಸರಕಾರ ನೇಮಿಸಿದ ಎಮಿಗ್ರೇಷನ್ ಏಜೆಂಟ್, ಸಂಬಳದ ಅಧಿಕಾರಿ. ಅವನ ಕೆಳಗೆ ಜಿಲ್ಲೆಗಳ ಉಪ ಏಜೆಂಟರು. ಅವರ ಕೆಳಗೆ ಪರವಾನೆ ಪಡೆದ ರಿಕ್ರೂಟರುಗಳು. ಎಲ್ಲರಿಗಿಂತ ಕೆಳಗೆ, ಪರವಾನೆಯ ಗೊಡವೆಯಿಲ್ಲದೆ ಸಂತೆ, ಧರ್ಮಛತ್ರ, ರೈಲು ನಿಲ್ದಾಣಗಳಲ್ಲಿ ಸುಳಿದಾಡುವ ಆರ್ಕಾಟಿ. ಇವನಿಗೆ ಸಂಬಳವಿಲ್ಲ, ತಲೆಗಿಷ್ಟು ಎಂದು ದಕ್ಷಿಣೆ. ಹಡಗಿನಲ್ಲಿ ನೂರು ಗಂಡಸರಿಗೆ ನಲವತ್ತು ಹೆಂಗಸರಾದರೂ ಇರಬೇಕೆಂಬ ನಿಯಮ ಬಂದ ಮೇಲೆ ಹೆಂಗಸಿನ ತಲೆಗೆ ಗಂಡಸಿನದಕ್ಕಿಂತ ಹೆಚ್ಚಿನ ದರ ಗೊತ್ತಾಯಿತು. ಹೆಂಗಸರ ಹಿತಕ್ಕೆಂದು ಮಾಡಿದ ನಿಯಮ ಗಂಡನ ಮನೆ ಬಿಟ್ಟು ಬಂದವಳನ್ನೂ ಯಾತ್ರೆಗೆ ಹೋದ ವಿಧವೆಯನ್ನೂ ಅವನ ಕಣ್ಣಿಗೆ ಬೆಲೆಯುಳ್ಳ ಸರಕನ್ನಾಗಿ ಮಾಡಿತು.

ಕಾನೂನು ಇರಲಿಲ್ಲವೆಂದು ವಾಚಕರು ಭಾವಿಸಬಾರದು. ೧೮೩೭ರಷ್ಟು ಹಿಂದೆಯೇ, ಹೊರಡುವವನೂ ಏಜೆಂಟನೂ ಜೊತೆಯಾಗಿ ಅಧಿಕಾರಿಯ ಮುಂದೆ ನಿಂತು ಲಿಖಿತ ಕರಾರನ್ನು ತೋರಿಸಬೇಕೆಂದು ಕಾಯಿದೆಯಾಗಿತ್ತು. ಆದರೂ ೧೮೩೮ರಲ್ಲಿ ಕಲ್ಕತ್ತೆಯಲ್ಲಿ ನೇಮಕವಾದ ವಿಚಾರಣಾ ಸಮಿತಿ, ಜನರನ್ನು ಸುಳ್ಳು ಹೇಳಿ ಮರುಳುಗೊಳಿಸಿ ಕರೆದೊಯ್ಯಲಾಗಿದೆ ಎಂದೇ ವರದಿ ಕೊಟ್ಟಿತು. ೧೮೩೯ರಲ್ಲಿ ವಲಸೆ ನಿಂತಿತು. ೧೮೪೨ರಲ್ಲಿ ಮಾರಿಷಸ್ಸಿಗೆ ಮತ್ತೆ ತೆರೆಯಿತು. ಆಮೇಲಿನ ಪ್ರತಿಯೊಂದು ಕಾಯಿದೆಯೂ ಹೊಸ ಮೊಹರು, ಹೊಸ ರಿಜಿಸ್ಟರು, ಹೊಸ ಅಧಿಕಾರಿಯನ್ನು ತಂದಿತು. ತಲೆಗಿಷ್ಟು ಎಂಬ ದಕ್ಷಿಣೆಯನ್ನು ಮಾತ್ರ ಯಾವುದೂ ಮುಟ್ಟಲಿಲ್ಲ.

ಅಧಿಕಾರಿಯ ಎದುರು ನಿಲ್ಲುವುದೆಂದರೆ ಏನಾಗಿತ್ತೆಂಬುದನ್ನು ತೋತಾರಾಮ ಸನಾಢ್ಯರ ಪುಸ್ತಕ ಹೇಳುತ್ತದೆ. ಫಿರೋಜಾಬಾದಿನ ಬಳಿಯ ಹಳ್ಳಿಯ ಈ ಬ್ರಾಹ್ಮಣ ಹುಡುಗ ೧೮೯೩ರಲ್ಲಿ ಕೆಲಸ ಹುಡುಕುತ್ತ ಪ್ರಯಾಗದಲ್ಲಿ ಅಲೆಯುತ್ತಿದ್ದಾಗ ಪೋಲೀಸು ಠಾಣೆಯ ಹತ್ತಿರ ಅಪರಿಚಿತನೊಬ್ಬ ಮಾತಿಗೆ ಸಿಕ್ಕಿದ. ದಿನಕ್ಕೆ ಹನ್ನೆರಡಾಣೆಯ ಕೆಲಸವಿದೆ ಎಂದ. ಮ್ಯಾಜಿಸ್ಟ್ರೇಟರ ಮುಂದೆ ಏನು ಕೇಳಿದರೂ ಹೌದೆನ್ನಬೇಕೆಂದು ಮೊದಲೇ ಪಾಠವಾಗಿತ್ತು. ಇಪ್ಪತ್ತು ನಿಮಿಷಗಳಲ್ಲಿ ೧೬೫ ಜನರ ನೋಂದಣಿ ಮುಗಿಯಿತೆಂದು ತೋತಾರಾಮರು ಬರೆದಿದ್ದಾರೆ. ಒಬ್ಬೊಬ್ಬರಿಗೆ ಎಂಟು ಸೆಕೆಂಡೂ ಇಲ್ಲ. ಇಪ್ಪತ್ತೊಂದು ವರ್ಷ ಫಿಜಿಯಲ್ಲಿ ಕಳೆದು ೧೯೧೪ರಲ್ಲಿ ಮರಳಿದ ಅವರು ತಮ್ಮ ಅನುಭವವನ್ನು ಹಿಂದಿಯಲ್ಲಿ ಪ್ರಕಟಿಸಿದರು. ಕರಾರು ಕೂಲಿಯ ವಿರುದ್ಧದ ಚಳವಳಿಗೆ ಅದು ದೊಡ್ಡ ಬಲವಾಯಿತು.

ಈ ಕರಾರನ್ನೇ ಕೂಲಿಗಳು ‘ಗಿರ್ಮಿಟ್’ ಎಂದರು, ‘ಅಗ್ರಿಮೆಂಟ್’ ಎಂಬುದರ ಅಪಭ್ರಂಶ. (ಹುಬ್ಬಳ್ಳಿ-ಧಾರವಾಡದವರ ಬಾಯಲ್ಲಿ ನೀರೂರಿಸುವ ಗಿರ್ಮಿಟ್ಟಿಗೂ ಇದಕ್ಕೂ ನಂಟಿಲ್ಲ.) ಫಿಜಿಯ ಗಿರ್ಮಿಟ್ಟನ್ನು ಓದಿದರೆ ಅದರಲ್ಲಿ ಸುಳ್ಳು ಸಿಕ್ಕುವುದಿಲ್ಲ: ಐದು ವರ್ಷದ ದುಡಿಮೆ, ದಿನಕ್ಕೆ ಒಂಬತ್ತು ಗಂಟೆ, ಗಂಡಸಿಗೆ ಒಂದು ಶಿಲ್ಲಿಂಗ್ ಅಂದರೆ ಹನ್ನೆರಡಾಣೆ, ಹತ್ತು ವರ್ಷ ಕಳೆದರೆ ಮರಳುವ ಖರ್ಚು ಸರಕಾರದ್ದು. ಮೋಸವಿದ್ದದ್ದು ಬರೆಯದೆ ಬಿಟ್ಟ ಮಾತಿನಲ್ಲಿ. ಮೇಲ್ವಿಚಾರಕ ಗೊತ್ತುಮಾಡಿದಷ್ಟು ಕೆಲಸ ಮುಗಿಯದಿದ್ದರೆ ಆ ಶಿಲ್ಲಿಂಗ್ ಕೈಗೆ ಬರುವುದಿಲ್ಲ. ಬಂದರೂ ಫಿಜಿಯ ಬೆಲೆಗಳಿಗೆ ಅದು ಸಾಲದು. ಇದನ್ನು ವಿವರಿಸಿ ಹೇಳಬೇಕಾದವನು ಆರ್ಕಾಟಿ. ಹೇಳಿದರೆ ಅವನ ಕಮಿಷನ್ನು ಹೋಯಿತು.

ನ್ಯಾಯ ಹೇಳಬೇಕಾದರೆ, ಹೋದವರೆಲ್ಲ ಬಲೆಗೆ ಬಿದ್ದ ಮಿಕಗಳಲ್ಲ. ಮುಂದೆ ಭಾರತದ ಭಾಷಾ ಸಮೀಕ್ಷೆಯಿಂದ ಹೆಸರಾದ ಗ್ರಿಯರ್ಸನ್ನನೇ ೧೮೮೩ರಲ್ಲಿ ಬಂಗಾಳ ಪ್ರಾಂತದ ವಲಸೆಯ ಬಗ್ಗೆ ವರದಿ ಬರೆದ. ತಿಳಿದೇ ಹೊರಟವರು, ಮರಳಿ ಬಂದು ಮತ್ತೆ ಹಡಗು ಹತ್ತಿದವರು ಅವನಿಗೆ ಕಂಡರು. ಗಿರ್ಮಿಟಿಯ ಮನೆತನದ ಇತಿಹಾಸಕಾರ ಬ್ರಿಜ್ ಲಾಲರೂ, ಬಹುಮಂದಿ ಆರ್ಕಾಟಿಯ ಕೈಗೆ ಸಿಕ್ಕುವ ಮೊದಲೇ ಊರು ಬಿಟ್ಟಿದ್ದರೆಂದು ತೋರಿಸಿದ್ದಾರೆ. ಆದರೂ ಅವರಿಗೆ ದಾರಿ ಹೇಳುವವನು ಒಬ್ಬನೇ ಇದ್ದ. ಅವನು ಅವರ ಮನುಷ್ಯನಾಗಿರಲಿಲ್ಲ.

ಸಿಲೋನಿನ ಚಹ, ಮಲಯದ ರಬ್ಬರು ತೋಟಗಳಲ್ಲಿ ಆರ್ಕಾಟಿಯ ಜಾಗದಲ್ಲಿದ್ದವನು ಕಂಗಾಣಿ. ಇವನು ಅಪರಿಚಿತನಲ್ಲ, ಊರಿನವನೇ, ಹಲವು ವೇಳೆ ಬಳಗದವನೇ. ಮುಂಗಡ ಕೊಟ್ಟು ಕರೆದೊಯ್ಯುವನು, ತೋಟದಲ್ಲಿ ಕೆಲಸವನ್ನೂ ತೆಗೆಸುವನು; ಕೂಲಿ ಗದ್ದೆಗಿಳಿದ ಪ್ರತಿದಿನಕ್ಕೂ ಅವನಿಗೊಂದು ಪಾಲು. ಸಿಲೋನಿನಲ್ಲಿ ‘ತುಂಡು’ ಎಂಬ ಚೀಟಿಯಿತ್ತು. ಅದರಲ್ಲಿ ಬರೆದ ಸಾಲ ತೀರಿಸಿದವನಿಗೆ ಆಳುಗಳು ವರ್ಗವಾಗುತ್ತಿದ್ದರು. ೧೯೨೧ರಲ್ಲಿ ಅದು ರದ್ದಾಯಿತು. ಕನ್ನಡಿಗರಿಗೆ ಇದು ದೂರದ ಮಾತೇನಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ತೆಂಕಣ ಕರಾವಳಿಯಿಂದ ಘಟ್ಟ ಹತ್ತಿಸುತ್ತಿದ್ದ ಮೇಸ್ತ್ರಿಯೂ ಇದೇ ಮುಂಗಡದ ವಿದ್ಯೆ ಬಲ್ಲವನು. ೧೯೩೩ರಲ್ಲಿ ಬಂದ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ತೋಟಕ್ಕೆ ಹೋಗುವುದು ಸಾಲ ತೀರಿಸುವುದಕ್ಕೇ.

ಯಾವ ಆರ್ಕಾಟಿಯ ನೆರವೂ ಇಲ್ಲದೆ, ಸ್ವಂತ ಖರ್ಚಿನಿಂದ ಹೋದವರೂ ಇದ್ದರು. ನಟಾಲಿನಲ್ಲಿ ಅವರನ್ನು ‘ಪ್ಯಾಸೆಂಜರ್’ ಭಾರತೀಯರೆಂದರು. ಹೆಚ್ಚಿನವರು ಗುಜರಾತಿ ವರ್ತಕರು. ೧೮೯೩ರಲ್ಲಿ ಗಾಂಧೀಜಿ ಹೋದದ್ದೂ ಗಿರ್ಮಿಟ್ಟಿನಿಂದಲ್ಲ, ವ್ಯಾಪಾರಿ ಸಂಸ್ಥೆಯೊಂದರ ಕರೆಯ ಮೇಲೆ: ಮೊದಲ ದರ್ಜೆಯ ಪ್ರಯಾಣ, ೧೦೫ ಪೌಂಡು. ಮೂರು ವರ್ಷ ಕಳೆದು ೧೮೯೬ರ ಡಿಸೆಂಬರಿನಲ್ಲಿ ಅವರು ಸಂಸಾರ ಸಮೇತ ಡರ್ಬನ್ನಿಗೆ ಮರಳಿದಾಗ ಎರಡು ಹಡಗುಗಳಲ್ಲಿ ಸುಮಾರು ೮೦೦ ಪ್ರಯಾಣಿಕರಿದ್ದರು. ಬಿಳಿಯರು ಹೊರಿಸಿದ ಆರೋಪಗಳಲ್ಲೊಂದು, ಭಾರತೀಯರಿಂದ ನಟಾಲನ್ನು ತುಂಬಲು ಈತನೇ ಅವರನ್ನು ಕರೆತಂದಿದ್ದಾನೆ ಎಂಬುದು! ಆ ಪ್ರಯಾಣಿಕರು ಹಡಗು ಹತ್ತುವಾಗ ಗಾಂಧೀಜಿಗೆ ಅವರ ಪರಿಚಯವೂ ಇರಲಿಲ್ಲ. ೨೩ ದಿನ ತಡೆದ ಮೇಲೆ, ೧೮೯೭ರ ಜನವರಿ ೧೩ರಂದು ಇಳಿದವರನ್ನು ಗುಂಪೊಂದು ಹೊಡೆಯಿತು.

ಅದೇ ವರ್ಷ ನಟಾಲು ತಂದ ವಲಸೆ ಕಾಯಿದೆಯಲ್ಲಿ ಇಂದಿನ ಏಜೆಂಟನ ಬೀಜವಿದೆ ಎಂದು ನನ್ನ ಎಣಿಕೆ. ಒಳಬರುವವನು ಯೂರೋಪಿನ ಭಾಷೆಯೊಂದರಲ್ಲಿ ಅರ್ಜಿ ಬರೆಯಬೇಕೆಂದಿತು ಅದು. ೧೯೦೧ರಲ್ಲಿ ಆಸ್ಟ್ರೇಲಿಯ ಇದನ್ನೇ ಬೆಳೆಸಿ, ಐವತ್ತು ಶಬ್ದಗಳ ಉಕ್ತಲೇಖನದ ಪರೀಕ್ಷೆ ಇಟ್ಟಿತು. ಯಾವ ಭಾಷೆ ಎಂಬುದು ಅಧಿಕಾರಿಯ ಮರ್ಜಿ. ಅದು ಹೋದದ್ದು ೧೯೫೮ರಲ್ಲಿ. ಅಂದಿನವರೆಗೆ ಬಾಗಿಲಲ್ಲಿ ಬೇಕಾಗಿದ್ದದ್ದು ತೋಳು. ಇನ್ನು ಮುಂದೆ ಕಾಗದ. ೧೯೬೭ರಲ್ಲಿ ಕೆನಡ ವಿದ್ಯೆ, ಭಾಷೆ, ವಯಸ್ಸುಗಳಿಗೆ ಅಂಕ ಕೊಡುವ ಪದ್ಧತಿ ಆರಂಭಿಸಿದ ಮೇಲಂತೂ ಕಾಗದ ಬಲ್ಲವನಿಗೆ ಕಸುಬು ಸಿದ್ಧವಾಯಿತು.

ಭಾರತದ ೧೯೨೨ರ ಕಾಯಿದೆಯಾಗಲಿ, ರಿಕ್ರೂಟಿಂಗ್ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯ ಮಾಡಿದ ೧೯೮೩ರ ಕಾಯಿದೆಯಾಗಲಿ ಹಿಡಿಯಹೊರಟದ್ದು ಆಳು ಒದಗಿಸುವವನನ್ನು, ಅರ್ಜಿ ತುಂಬಿಕೊಡುವವನನ್ನಲ್ಲ. ಈ ಎರಡನೆಯವನನ್ನು ಹಿಡಿಯಲು ಆಸ್ಟ್ರೇಲಿಯ ೧೯೯೨ರಲ್ಲಿ ನೋಂದಣಿ ತಂದಿತು. ಕೆನಡದಲ್ಲಿ ೨೦೨೧ರಿಂದ ಇದಕ್ಕೆಂದೇ ಒಂದು ‘ಕಾಲೇಜು’ ಇದೆ. ಏಜೆಂಟನಿದ್ದ ಅರ್ಜಿಗೆ ಯಾವ ಮರ್ಯಾದೆಯೂ ಹೆಚ್ಚಿಲ್ಲವೆಂದು ಎರಡು ದೇಶಗಳೂ ಸಾರಿವೆ. ಆದ್ದರಿಂದ ಅಂಕಪಟ್ಟಿ, ಅನುಭವಪತ್ರ ನೇರವಾಗಿರುವ ಹುಡುಗ ತಾನೇ ಕುಳಿತು ತುಂಬಲಿ ಎನ್ನುವವರ ಪಕ್ಷ ನನ್ನದು. ಹಿಂದೆ ವೀಸಾ ನಿರಾಕರಣೆಯಾಗಿದ್ದರೆ, ಹಳೆಯ ತೊಡಕಿದ್ದರೆ, ಆಗ ನೋಂದಾಯಿತನನ್ನು ಹುಡುಕಬಹುದು. ಇವನಿಗೆ ಹಣ ಕೊಡುವವರು ಹೊರಡುವವರೇ ಆದ್ದರಿಂದ, ಆರ್ಕಾಟಿಗಿಲ್ಲದ ಒಂದು ಋಣ ಇವನಿಗಿದೆ. ಆದರೆ ಕಾಲೇಜಿನಿಂದ ಕಮಿಷನ್ನು ಪಡೆದು ಹುಡುಗರನ್ನು ಒದಗಿಸುವವನೂ ಇದೇ ಬೋರ್ಡಿನಡಿ ಕುಳಿತಿರುತ್ತಾನೆ. ಹಣ ಎತ್ತ ಕಡೆಯಿಂದ ಬರುತ್ತದೆಂದು ಅವನ ಮೇಜಿನ ಮುಂದೆಯೇ ಕೇಳುವುದರಲ್ಲಿ ಸಂಕೋಚ ಬೇಡ.

ದುಡ್ಡು ತೆಗೆದುಕೊಂಡು ಸಹಾಯ ಮಾಡಿದವನ ಹೆಸರನ್ನು ಅರ್ಜಿಯಲ್ಲಿ ತಿಳಿಸಬೇಕೆಂದು ಈಗ ಆ ದೇಶಗಳು ಕೇಳುತ್ತವೆ. ತನ್ನ ಹೆಸರು ಬರೆಯಬೇಡ ಎನ್ನುವವರಿಗೆ ಅಲ್ಲಿ ‘ಭೂತ’ ಸಲಹೆಗಾರರೆಂದು ಬಿರುದಿದೆ. ಫಿಜಿಗೆ ಹೋದವರ ಎಮಿಗ್ರೇಷನ್ ಪಾಸುಗಳು ಇಂದಿಗೂ ಉಳಿದಿವೆ. ಒಬ್ಬೊಬ್ಬರದರಲ್ಲೂ ತಂದೆಯ ಹೆಸರು, ಜಾತಿ, ಠಾಣೆ, ಹಳ್ಳಿ, ಮೈಮೇಲಿನ ಮಚ್ಚೆಯ ತನಕ ಗುರುತುಗಳಿವೆ; ವೈದ್ಯನ, ಏಜೆಂಟನ, ಪ್ರೊಟೆಕ್ಟರನ ರುಜುಗಳಿವೆ. ಕೋತವಾಲಿಯ ಹತ್ತಿರ ಮೊದಲು ಮಾತನಾಡಿಸಿದವನ ಹೆಸರಿಗೆ ಮಾತ್ರ ಅದರಲ್ಲಿ ಜಾಗವಿಲ್ಲ.